ಕಾಯಿ ಹಣ್ಣಾಗುವ ಬಗೆ

‘ಹಣ್ಣಾಗು’ ಎಂಬ ಕನ್ನಡದ ಮಾತಿಗೆ ಮರದ ಮೇಲೆ ಒಂದು ಅರ್ಥ, ಚೌಕಾಬಾರದ ಮನೆಯಲ್ಲಿ ಇನ್ನೊಂದು ಅರ್ಥ, ಮಳವಳ್ಳಿ-ಮದ್ದೂರು ಕಡೆಯ ರೇಷ್ಮೆ ಸಾಕುವ ಮನೆಗಳಲ್ಲಿ ಮತ್ತೊಂದು ಅರ್ಥ. ಮರದ ಮಾತು ಎಲ್ಲರೂ ಬಲ್ಲದ್ದು. ಚೌಕಾಬಾರದಲ್ಲಿ ಹೊರಸುತ್ತನ್ನೂ ಒಳಸುತ್ತನ್ನೂ ಮುಗಿಸಿ ನಡುಮನೆಯನ್ನು ಸೇರಿದ ಕಾಯಿಯನ್ನು ಹಣ್ಣಾಯಿತೆಂದು ಹೇಳುವುದು ವಾಡಿಕೆ. ರೇಷ್ಮೆಯವರಾದರೋ, ಸೊಪ್ಪನ್ನು ತೊರೆದು, ಮೈ ತಿಳಿಯಾಗಿ ಹೊಳೆಯುತ್ತ, ತಲೆಯನ್ನೆತ್ತಿ ನೂಲು ಕಟ್ಟಲು ಎಡೆ ಹುಡುಕುವ ಹುಳುವನ್ನು ಹಣ್ಣಾದ ಹುಳುವೆನ್ನುತ್ತಾರೆ. ಆಯ್ದು ಚಂದ್ರಂಕಿಗೆ ಬಿಡುತ್ತಾರೆ. ಒಂದೇ ಮಾತು ಮೂರೂರಿಗೆ ಹೋಗಿ ಮೂರು ಬಗೆಯ ಬದುಕು ನಡೆಸುವುದು ಭಾಷೆಗೆ ಹೊಸತಲ್ಲ. ಆದರೆ ಈ ಎರಡನೆಯ ಹಾಗೂ ಮೂರನೆಯ ಅರ್ಥಗಳು ಒಂದೇ ರಟ್ಟಿನ ಮೇಲೆ ಎದುರುಬದುರಾಗಿ ನಿಂತು, ಮಕ್ಕಳ ತಲೆಗೂ ಮನಸ್ಸಿಗೂ ಕೆಲಸ ಕೊಟ್ಟ ಪ್ರಸಂಗವೊಂದು ಶ್ರೀಮಠದ ಪ್ರೌಢಶಾಲೆಯ ಒಂಬತ್ತನೆಯ ತರಗತಿಯಲ್ಲಿ ನಡೆಯಿತು.

ವಿಜ್ಞಾನದ ಉಪಾಧ್ಯಾಯಿನಿಯವರು ತರಗತಿಯನ್ನು ಮೂರು ತಂಡಗಳನ್ನಾಗಿ ವಿಂಗಡಿಸಿದರು. ಪ್ರಸಾದನಿಲಯದ ಮಕ್ಕಳು ಬಂದ ತಾಲ್ಲೂಕುಗಳೇ ತಂಡಗಳಾದವು: ಮಂಡ್ಯ, ಮದ್ದೂರು, ಮಳವಳ್ಳಿ. ಪ್ರತಿ ತಂಡವೂ ತನ್ನ ಸೀಮೆಯ ಜೀವಿಗಳನ್ನು ಕುರಿತು, ಮಣೆಯ ಮೇಲೆ ಆಡುವ ಒಂದು ಆಟವನ್ನು ಮೂರು ವಾರಗಳಲ್ಲಿ ರಚಿಸತಕ್ಕದ್ದು. ಬೇಕಾದ ಸಾಮಗ್ರಿಯೆಂದರೆ ರಟ್ಟು, ಬಣ್ಣ, ಕವಡೆ, ಕವಡೆಯಿಲ್ಲದವರಿಗೆ ಒಂದು ಮೈ ಉಜ್ಜಿ ಬಿಳುಪು ಮಾಡಿದ ಹುಣಸೆಬೀಜ. ನಿಯಮಗಳನ್ನು ಒಂದೇ ಹಾಳೆಯಲ್ಲಿ ಬರೆಯಬೇಕು. ಆರನೆಯ ತರಗತಿಯ ಮಗು ಯಾರನ್ನೂ ಕೇಳದೆ ಅದನ್ನೋದಿ ಆಡುವಂತಿರಬೇಕು. ಈ ಕೊನೆಯ ಕಟ್ಟಳೆ ಕಾಣಲು ಸಣ್ಣದು. ನಿರ್ವಹಿಸಿದವರಿಗೇ ಅದರ ಭಾರ ಗೊತ್ತು.

ಆಟದ ಮಣೆಯ ಮೂಲಕ ಬೋಧಿಸುವ ಕ್ರಮ ಈ ನಾಡಿಗೆ ಹೊರಗಿನಿಂದ ಬಂದದ್ದಲ್ಲ. ಹಾವು-ಏಣಿಯ ಆಟದ ಹಿಂದೆ ಪರಮಪದ ಸೋಪಾನಪಟವಿದೆ. ಅಲ್ಲಿ ಏಣಿಯೆಂದರೆ ಸದ್ಗುಣ, ಹಾವೆಂದರೆ ದುರ್ಗುಣ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳಲ್ಲಿ ಎಷ್ಟು ಆಸಕ್ತರಾಗಿದ್ದರೆಂದರೆ ತಾವೇ ಹೊಸ ಆಟಗಳನ್ನು ಕಲ್ಪಿಸಿದರು; ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯು ಇಂಥ ಆಟಗಳಿಗೇ ಮೀಸಲು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 2007ರಿಂದೀಚೆಗೆ ನಡೆಸಿದ ಪ್ರದರ್ಶನಗಳಲ್ಲಿ ಪಗಡೆ, ಚೌಕಾಬಾರ, ಅಳಗುಳಿಮಣೆಗಳು ಮತ್ತೆ ಬೆಳಕು ಕಂಡವು. ಹಳೆಯ ದೇವಾಲಯಗಳ ಜಗುಲಿಕಲ್ಲುಗಳ ಮೇಲೆ ಯಾರೋ ಕೊರೆದುಹೋದ ಆಡು-ಹುಲಿಯ ಗೆರೆಗಳನ್ನಂತೂ ಈ ಜಿಲ್ಲೆಯವರು ಬಾಲ್ಯದಿಂದಲೂ ಕಂಡವರೇ. ಆಟದ ಮಣೆ ಯಾವಾಗಲೂ ಒಂದು ಲೋಕದ ನಕ್ಷೆ. ಯಾವುದರಿಂದ ಏರುತ್ತೇವೆ, ಯಾವುದರಿಂದ ಬೀಳುತ್ತೇವೆ, ಎಲ್ಲಿಗೆ ಮುಟ್ಟಿದರೆ ಮುಟ್ಟಿದಂತೆ ಎಂಬುದನ್ನು ಮಣೆ ಮಾಡಿದವನು ಮೊದಲೇ ನಿರ್ಧರಿಸಿರುತ್ತಾನೆ.

ಮಂಡ್ಯದ ತಂಡದವರು ಎಲ್ಲರಿಗಿಂತ ಮೊದಲು ಮುಗಿಸಿದರು. ಅವರ ಪಟವೇ ಎಲ್ಲಕ್ಕಿಂತ ಅಂದವಾಗಿತ್ತು. ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ನೂರು ಮನೆಗಳ ನಡುವೆ ನೀಲಿಯಾಗಿ ಬಳುಕಿತ್ತು. ಅನಾಫಿಲಿಸ್ ಸೊಳ್ಳೆ, ನಾಲೆಯ ಪಕ್ಕದ ಜಿನುಗುನೀರು, ಮಲೇರಿಯಾ ಇವು ಹಾವುಗಳು. ಗಪ್ಪಿ ಮೀನು, ಸೊಳ್ಳೆಪರದೆ, ರಕ್ತಪರೀಕ್ಷೆ ಇವು ಏಣಿಗಳು. ಸಿಕಂದರಾಬಾದಿನಲ್ಲಿ 1897ರಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ಕಂಡ ರೊನಾಲ್ಡ್ ರಾಸ್‌ಗೂ ಒಂದು ಮನೆ ದೊರೆತಿತ್ತು. ಉಪಾಧ್ಯಾಯಿನಿಯವರು ಮೆಚ್ಚಿದರು. ಮೆಚ್ಚಿದ ಮೇಲೆ ಒಂದು ಬಿಳಿಯ ಹಾಳೆಯನ್ನು ತೆಗೆದು ಹೆಸರುಗಳನ್ನೆಲ್ಲ ಮುಚ್ಚಿ, ‘ಈಗ ಆಡಿ’ ಎಂದರು. ಆಟ ಒಂದಿಷ್ಟೂ ತಡೆಯಿಲ್ಲದೆ ನಡೆಯಿತು. ಸೊಳ್ಳೆಯಿಲ್ಲದೆಯೂ ನಡೆಯುವ ಆಟ ಸೊಳ್ಳೆಯನ್ನು ಕುರಿತದ್ದಾಗಲಾರದು. ಇಂದು ಶಾಲೆಗಳಲ್ಲಿ ತಯಾರಾಗುವ ಎಷ್ಟೋ ‘ಕಲಿಕಾ ಆಟ’ಗಳ ಸ್ಥಿತಿ ಇದೇ, ಪಾಠದ ಹೆಸರುಗಳನ್ನು ಹಳೆಯ ಪಟದ ಮೇಲೆ ಅಂಟಿಸಿ, ಅಂಟು ಒಣಗುವುದರೊಳಗೆ ಬಹುಮಾನ ವಿತರಣೆಯಾಗಿಬಿಡುತ್ತದೆ. ಮಂಡ್ಯದ ಮಕ್ಕಳು ಒಂದು ದಿನ ಮುಖ ಸಣ್ಣದು ಮಾಡಿಕೊಂಡರು, ಮರುದಿನ ಹೊಸ ರಟ್ಟು ತಂದರು.

ಮದ್ದೂರಿನವರು ಆರಿಸಿದ್ದು ಕೊಕ್ಕರೆ ಬೆಳ್ಳೂರನ್ನು. ಶಿಂಷಾ ನದಿಯ ಬಳಿಯ ಈ ಹಳ್ಳಿಯ ಹುಣಸೆಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಮಕ್ಕಳಂತೆ ಗೂಡುಕಟ್ಟಿ ಮರಿಮಾಡುತ್ತವೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ತಂಡದವರು ಆಡು-ಹುಲಿಯ ಗೆರೆಗಳನ್ನೆಳೆದು ಹುಲಿಯ ಎಡೆಯಲ್ಲಿ ಹೆಜ್ಜಾರ್ಲೆಯನ್ನೂ ಆಡುಗಳ ಎಡೆಯಲ್ಲಿ ಮೀನುಗಳನ್ನೂ ಇಟ್ಟರು. ಅರ್ಧ ಆಡುವಷ್ಟರಲ್ಲಿ ತೊಡಕು ತೋರಿತು. ಆಡುಗಳು ಸುತ್ತುವರಿದು ಹುಲಿಯನ್ನು ಕಟ್ಟಿಹಾಕಬಲ್ಲವು. ಮೀನುಗಳು ಹೆಜ್ಜಾರ್ಲೆಯನ್ನು ಮುತ್ತಿಗೆ ಹಾಕಿದ್ದನ್ನು ಕಂಡವರಾರು? ಆಗ ಅವರಲ್ಲೊಬ್ಬನಿಗೆ, 2017ರ ಕೊನೆಯಿಂದ ಮುಂದಿನ ವರ್ಷದವರೆಗೆ ಊರಿನಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಸತ್ತು ಬಿದ್ದ ಸಂಗತಿ ಹಿರಿಯರ ಬಾಯಿಂದ ಕೇಳಿದ್ದು ನೆನಪಾಯಿತು. ಪಶುವೈದ್ಯರು ಸೀಳಿ ನೋಡಿದಾಗ ಹಕ್ಕಿಗಳ ಒಡಲಲ್ಲಿ ದುಂಡುಹುಳುಗಳ ರಾಶಿ ಸಿಕ್ಕಿತ್ತು. ಆ ಹುಳು ಹಕ್ಕಿಯನ್ನು ಸೇರುವುದು ಮೀನಿನ ಮೂಲಕ. ತಂಡದವರು ಕೆಲವು ಮೀನುಕಾಯಿಗಳ ಅಡಿಯಲ್ಲಿ ಸಣ್ಣ ಕೆಂಪು ಗುರುತಿಟ್ಟರು. ತಿನ್ನುವವನಿಗೆ ಅದು ಮೇಲಿನಿಂದ ಕಾಣದು. ಇಷ್ಟಾದ ಮೇಲೆ ಹೆಸರು ಮುಚ್ಚಿ ಆಡಿಸಿದರೂ, ತಿನ್ನುವುದೂ ಸಾಯುವುದೂ ಒಂದೇ ಬಾಯಿಯಿಂದ ಎಂಬ ಮಾತು ಮಣೆಯಿಂದ ಅಳಿಯಲಿಲ್ಲ.

ಮಳವಳ್ಳಿಯ ತಂಡ ಮಾತ್ರ ಮೂರು ವಾರವಾದರೂ ಮುಗಿಸಲಿಲ್ಲ. ಅದನ್ನು ಕುರಿತೇ ಇಲ್ಲಿ ಹೆಚ್ಚು ಹೇಳಬೇಕಾಗಿದೆ.

ಈ ಸೀಮೆಯ ಹಿಪ್ಪುನೇರಳೆಯ ಹೊಲಗಳಿಗೆ ಉದ್ದನೆಯ ಚರಿತ್ರೆಯುಂಟು. ರೇಷ್ಮೆ ಸಾಕಣೆಗೆ ಮೈಸೂರು ಸೀಮೆಯಲ್ಲಿ ರಾಜಾಶ್ರಯ ದೊರೆತದ್ದು ಹದಿನೆಂಟನೆಯ ಶತಮಾನದ ಕೊನೆಗೆ, ಟಿಪ್ಪು ಸುಲ್ತಾನನ ಕಾಲದಲ್ಲಿ. ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಮೈಸೂರಿನಲ್ಲಿ 1961ರಲ್ಲಿ ಪ್ರಾರಂಭವಾಯಿತು. ತಂಡದ ಆರು ಮಕ್ಕಳಲ್ಲಿ ನಾಲ್ವರ ಮನೆಯಲ್ಲಿ ಹುಳುಸಾಕಣೆ. ಪಠ್ಯಪುಸ್ತಕದ ಚಿತ್ರ ಅವರಿಗೆ ಬೇಕಾಗಿಯೇ ಇರಲಿಲ್ಲ. ಮೊಟ್ಟೆಯೊಡೆದು ಬಂದ ಚಾಕಿ ಹುಳು 24ರಿಂದ 28 ದಿನಗಳಲ್ಲಿ ನಾಲ್ಕು ಸಲ ಪೊರೆ ಕಳಚಿ, ತೂಕದಲ್ಲಿ ಸುಮಾರು 10,000 ಪಟ್ಟು ಬೆಳೆಯುವುದನ್ನೂ, ತಿನ್ನುವ ಸೊಪ್ಪಿನ ಐದರಲ್ಲಿ ನಾಲ್ಕು ಪಾಲಿಗೂ ಮಿಕ್ಕದ್ದನ್ನು ಕೊನೆಯ ಹಂತದಲ್ಲೇ ತಿನ್ನುವುದನ್ನೂ ರಾತ್ರಿಯೆಲ್ಲ ಮಳೆಯಂತೆ ಕೇಳುವ ಆ ಮೇವಿನ ಸದ್ದಿನಿಂದಲೇ ಅವರು ಬಲ್ಲರು. ಪೊರೆ ಕಳಚುವ ಮುನ್ನ ಹುಳು ಮೇವು ಬಿಟ್ಟು ಅಲುಗದೆ ಕೂರುತ್ತದೆ. ಪುಸ್ತಕ ಅದನ್ನು ನಿರ್ಮೋಚನವೆನ್ನುತ್ತದೆ, ರೈತರು ‘ಜ್ವರ’ವೆನ್ನುತ್ತಾರೆ. ಎರಡನೆಯದೇ ನಿಜಕ್ಕೆ ಹತ್ತಿರ ಎನ್ನದೆ ಗತಿಯಿಲ್ಲ.

ಚೌಕಾಬಾರದ ಮನೆ ಐದು ಐದಲ ಇಪ್ಪತ್ತೈದು. ಹೊರಸುತ್ತಿಗೆ ಹದಿನಾರು, ಒಳಸುತ್ತಿಗೆ ಎಂಟು, ನಡುವೆ ಒಂದು. ಹೊರಸುತ್ತಿನಲ್ಲಿ ನಾಲ್ಕು ಕಟ್ಟೆಗಳು. ಅಲ್ಲಿ ಕುಳಿತ ಕಾಯಿಯನ್ನು ಕಡಿಯುವಂತಿಲ್ಲ. ನಾಲ್ಕು ಕಟ್ಟೆಗಳನ್ನು ನಾಲ್ಕು ಜ್ವರಗಳೆಂದು ಗುರುತಿಸಿದ ಕ್ಷಣದಲ್ಲಿ ಮಕ್ಕಳು ಹಿಗ್ಗಿ ಕೂಗಿದ ಕೂಗು ಪಕ್ಕದ ತರಗತಿಯ ಲೆಕ್ಕವನ್ನು ಕೆಡಿಸಿತು. ಹೊರಸುತ್ತು ಮೇಯುವ ಕಾಲ, ಒಳಸುತ್ತು ನೂಲುವ ಕಾಲ. ಜ್ವರದ ಕಟ್ಟೆಯಲ್ಲಿ ಕುಳಿತ ಕಾಯಿ ಒಂದು ಸರದಿ ಏಳುವಂತಿಲ್ಲ. ಅಲ್ಲಿಯವರೆಗೆ ಎಲ್ಲವೂ ಬೆಣ್ಣೆಯಲ್ಲಿ ಕೂದಲೆಳೆದಂತೆ ಸಾಗಿತು.

ಮೊದಲ ತೊಡಕು ಕಡಿಯುವುದರಲ್ಲಿ. ಒಂದು ತಟ್ಟೆಯ ಹುಳುಗಳು ಒಂದನ್ನೊಂದು ಕಡಿಯುವುದಿಲ್ಲ. ಹಾಗಾದರೆ ಕಾಯಿಯನ್ನು ಕಡಿಯುವವರು ಯಾರು? ಊಜಿ ನೊಣ! 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಹೊಕ್ಕ ಈ ನೊಣ ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿ ಚರ್ಮವನ್ನು ಕೊರೆದು ಒಳಗಿಳಿದ ಕಡೆ ಕಪ್ಪು ಕಲೆಯೊಂದು ಉಳಿಯುತ್ತದೆ. ಒಳಗೇ ತಿಂದು ಬೆಳೆದು ಹೊರಬಿದ್ದ ಮರಿ ಮಣ್ಣಿನಲ್ಲೋ ನೆಲದ ಬಿರುಕಿನಲ್ಲೋ ಅಡಗಿ ಕೋಶವಾಗುತ್ತದೆ. ನಾಲ್ವರು ಆಟಗಾರರಲ್ಲಿ ಒಬ್ಬನಿಗೆ ಊಜಿಯ ಪಾತ್ರ ವಹಿಸಲಾಯಿತು. ಒಂದಾದರೂ ಎದುರಾಳಿಯ ಕಾಯಿಯನ್ನು ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲವೆಂಬ ಚೌಕಾಬಾರದ ಹಳೆಯ ಕಟ್ಟಳೆ ಇಲ್ಲಿ ಹೇಳಿ ಮಾಡಿಸಿದಂತೆ ಹೊಂದಿತು. ರೈತರ ಕಾಯಿಗಳಿಗೆ ಅದನ್ನು ತೆಗೆದುಹಾಕಿ ಊಜಿಗೊಬ್ಬನಿಗೇ ಉಳಿಸಿಕೊಂಡರು. ಇನ್ನೊಂದರ ಒಡಲಿಲ್ಲದೆ ತನ್ನ ಬದುಕು ಪೂರ್ಣವಾಗದಿರುವುದೇ ಪರೋಪಜೀವಿಯ ಲಕ್ಷಣ. ಅಜ್ಜಿಯಂದಿರು ಆಡುತ್ತಿದ್ದ ಆಟದೊಳಗೆ ಆ ಲಕ್ಷಣ ಎಂದಿನಿಂದಲೋ ಮಡಚಿ ಇಟ್ಟಂತಿತ್ತು.

ಎರಡನೆಯ ತೊಡಕು ರೋಗಗಳದ್ದು. ಸುಣ್ಣಕಟ್ಟು, ಹಾಲುತೊಂಡೆ, ಸಪ್ಪೆ, ಗಂಟು, ಹೀಗೆ ನಾಲ್ಕು ರೋಗಗಳಿಗೆ ನಾಲ್ಕು ಕಪ್ಪು ಮನೆಗಳನ್ನಿಟ್ಟು, ಗರ ಬಿದ್ದು ಅಲ್ಲಿಗೆ ಬಂದ ಕಾಯಿ ಸತ್ತಿತೆಂದು ಬರೆದಿದ್ದರು. ಐದನೆಯ ಮನೆಗೆ ಒಬ್ಬ ಹುಡುಗ ‘ಮೈಲಿಗೆ’ ಎಂದು ಬರೆದ. ಅವನು ತಮಾಷೆಗೆ ಬರೆದದ್ದಲ್ಲ. ಅವನ ಮನೆಯಲ್ಲಿ ಕೇಳಿದ್ದನ್ನೇ ಬರೆದ. ತಂಡದ ಒಬ್ಬ ಹುಡುಗಿ ಕೈಯಲ್ಲಿದ್ದ ಕವಡೆಗಳನ್ನು ಕೆಳಗಿಟ್ಟಳು. ಆಕೆಯ ಮನೆಯಲ್ಲಿ ಒಂದರ ಹಿಂದೊಂದು ಎರಡು ಬೆಳೆ ಹೋಗಿದ್ದವು. ಹುಳು ಸುಣ್ಣದ ಕಡ್ಡಿಯಂತೆ ಬಿಳಿಚಿ ಗಟ್ಟಿಯಾಗಿತ್ತು. ತಪ್ಪು ತಾಯಿಯ ತಲೆಗೆ ಬಂದಿತ್ತು. ತಿಂಗಳ ಮೂರು ದಿನಗಳ ಲೆಕ್ಕ ಮರೆತು ಹುಳುವಿನ ಮನೆ ಹೊಕ್ಕಳೆಂದು.

‘ಮೇಡಂ, ನಮ್ಮವ್ವ ಆ ಮನೆ ಕಟ್ಟಿದಾಗಿಂದ ಸೊಪ್ಪು ಕುಯ್ದೋಳು. ಈ ಆಟದಲ್ಲೂ ಅವಳೇ ಹುಳ ಸಾಯ್ಸೋದಾದ್ರೆ ನಾನು ಆಡಲ್ಲ’ ಎಂದಳು.

ಶರಣಧರ್ಮದಲ್ಲಿ ಪಂಚಸೂತಕಗಳಿಗೆ ಸ್ಥಾನವಿಲ್ಲ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಈ ಐದನ್ನೂ ಇಷ್ಟಲಿಂಗಧಾರಿಗೆ ಸೂತಕವಲ್ಲವೆಂದು ಹನ್ನೆರಡನೆಯ ಶತಮಾನದಲ್ಲೇ ಸಾರಿದ್ದಾಯಿತು. ಬಸವ ಜಯಂತಿಯ ಭಾಷಣಗಳಲ್ಲಿ ಈ ಮಾತು ವರ್ಷವರ್ಷವೂ ಕೇಳಿಬರುತ್ತದೆ. ಭಾಷಣ ಕೇಳಿ ಮನೆಗೆ ಮರಳಿದವರಲ್ಲಿ ಎಷ್ಟು ಮಂದಿ ಹುಳುವಿನ ಮನೆಯ ಬಾಗಿಲನ್ನು ಹೆಂಗಸರಿಗೆ ಆ ಮೂರು ದಿನ ತೆರೆದಿಟ್ಟರೆಂಬುದು ಬೇರೆಯ ಪ್ರಶ್ನೆ. ಉಪಾಧ್ಯಾಯಿನಿಯವರು ಇದಾವುದನ್ನೂ ಎತ್ತಲಿಲ್ಲ. ಹುಡುಗನನ್ನು ಗದರಲೂ ಇಲ್ಲ. ಒಂದೇ ಒಂದು ಕಟ್ಟಳೆಯನ್ನು ಹೊಸದಾಗಿ ಹಾಕಿದರು: ಪ್ರತಿಯೊಂದು ಕಪ್ಪು ಮನೆಯ ಕೆಳಗೂ, ಆ ರೋಗ ಯಾವ ದಾರಿಯಿಂದ ಹುಳುವನ್ನು ಮುಟ್ಟುತ್ತದೆ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಬೇಕು. ದಾರಿ ಬರೆಯಲಾಗದ ಮನೆಯನ್ನು ಅಳಿಸಬೇಕು.

ಮಕ್ಕಳು ರೇಷ್ಮೆ ಇಲಾಖೆಯ ಕೈಪಿಡಿಗಳನ್ನು ತಂದರು, ಮನೆಯವರನ್ನು ವಿಚಾರಿಸಿದರು. ಸುಣ್ಣಕಟ್ಟಿನ ದಾರಿ ಸಿಕ್ಕಿತು: ಅದು ಶಿಲೀಂಧ್ರ, ತಂಪೂ ತೇವವೂ ಕೂಡಿದ ದಿನಗಳಲ್ಲಿ ಹಬ್ಬುವಂಥದು, ಸತ್ತ ಹುಳುವಿನ ಮೇಲೇಳುವ ಬಿಳಿಯ ಪುಡಿಯೇ ಅದರ ಬೀಜ, ಬಿಳುಪೇರುವ ಮೊದಲೇ ಆಯ್ದು ಸುಡದಿದ್ದರೆ ತಟ್ಟೆಯಿಂದ ತಟ್ಟೆಗೆ ಹಾರುತ್ತದೆ. ಹಾಲುತೊಂಡೆಯ ದಾರಿ ಸಿಕ್ಕಿತು: ವೈರಸ್ಸು, ಒಡೆದ ಹುಳುವಿನ ಹಾಲಿನಂಥ ರಸ ಸೊಪ್ಪಿಗೆ ತಗುಲಿದರೆ ಸಾಕು. ಗಂಟುರೋಗದ ದಾರಿ ಎಲ್ಲಕ್ಕಿಂತ ವಿಚಿತ್ರ: ಅದು ತಾಯಿಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆ. ಫ್ರಾನ್ಸಿನ ರೇಷ್ಮೆ ಬೆಳೆ ಈ ರೋಗದಿಂದ ನೆಲಕಚ್ಚಿದಾಗ 1865ರಲ್ಲಿ ಆ ಕೆಲಸಕ್ಕೆ ಕೈಹಾಕಿದ ಲೂಯಿ ಪಾಶ್ಚರ್, ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಕಂಡರೆ ಅದರ ಮೊಟ್ಟೆಗಳನ್ನೆಲ್ಲ ನಾಶಮಾಡುವ ವಿಧಾನವನ್ನು ರೂಪಿಸಿದ. ಇಂದಿಗೂ ಕರ್ನಾಟಕದ ಬಿತ್ತನೆ ಕೋಠಿಗಳಲ್ಲಿ ನಡೆಯುವುದು ಅದೇ ಪರೀಕ್ಷೆ.

ಮೈಲಿಗೆಯ ಮನೆಯ ಕೆಳಗೆ ಬರೆಯಲು ಆ ಹುಡುಗನಿಗೆ ಏನೂ ದೊರೆಯಲಿಲ್ಲ. ಎರಡು ದಿನ ಯೋಚಿಸಿದ, ಅಜ್ಜನನ್ನೂ ಕೇಳಿಬಂದ. ‘ಹೊರಗಿನೋರು ಯಾರೂ ಒಳಕ್ಕೆ ಬರಬಾರ್ದು ಅಂತ ಮೊದಲಿಂದ ಐತೆ’ ಎಂದಷ್ಟೇ ಅಜ್ಜ ಹೇಳಿದ್ದ. ಅದರಲ್ಲಿ ಒಂದು ಕಾಳು ಸತ್ಯವಿತ್ತು ಎಂಬುದನ್ನು ಕಂಡುಕೊಂಡವಳು ಆ ಹುಡುಗಿಯೇ. ರೋಗದ ಬೀಜ ಹೊರಗಿನಿಂದ ಬರುವುದು ಕಾಲಿನ ಧೂಳಿನಲ್ಲಿ, ತೊಳೆಯದ ಕೈಯಲ್ಲಿ. ಆ ಕಾಲು ಗಂಡಸಿನದೋ ಹೆಂಗಸಿನದೋ, ಯಜಮಾನನದೋ ಕೂಲಿಯವನದೋ ಎಂದು ಶಿಲೀಂಧ್ರ ಕೇಳುವುದಿಲ್ಲ. ಐದನೆಯ ಮನೆಯ ಹೆಸರನ್ನು ಅಳಿಸಿ ‘ತೊಳೆಯದ ಕಾಲು’ ಎಂದು ಬರೆದರು. ಬರೆದವನು ಆ ಹುಡುಗನೇ. ಅದಕ್ಕೆದುರಾಗಿ ಹೊಸ್ತಿಲ ಬಳಿ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆದ ಗೋಣಿತಾಟಿನ ಮನೆಯೊಂದು ಬಂತು. ಅಲ್ಲಿ ಒಂದು ಸರದಿ ನಿಂತು ಹೋದವನಿಗೆ ಒಂದು ಚೀಟಿ. ಮುಂದೆ ಕಪ್ಪು ಮನೆಗೆ ಬಿದ್ದಾಗ ಅದನ್ನು ಕೊಟ್ಟು ಕಾಯಿ ಉಳಿಸಿಕೊಳ್ಳಬಹುದು. ಅವಸರದವನು ನಿಲ್ಲದೆ ಹೋಗಲೂಬಹುದು. ಗರ ಕೈಯಲ್ಲಿಲ್ಲ, ನಿಲ್ಲುವುದು ಕೈಯಲ್ಲಿದೆ. ರೋಗವೆಂಬುದು ಬರಿಯ ಹಣೆಬರಹವೂ ಅಲ್ಲ, ಯಾರೋ ಒಬ್ಬರ ಪಾಪವೂ ಅಲ್ಲ ಎಂಬುದನ್ನು ಆ ಒಂದು ಗೋಣಿತಾಟು ಹತ್ತು ಪುಟಗಳ ಪಾಠಕ್ಕಿಂತ ಚೊಕ್ಕವಾಗಿ ಹೇಳಿತು.

ಇನ್ನುಳಿದದ್ದು ನಡುಮನೆ.

ಪಠ್ಯಪುಸ್ತಕದಲ್ಲಿ ಜೀವನಚಕ್ರವನ್ನು ಚಕ್ರವಾಗಿಯೇ ಬರೆದಿರುತ್ತಾರೆ: ಮೊಟ್ಟೆ, ಹುಳು, ಕೋಶ, ಚಿಟ್ಟೆ, ಮತ್ತೆ ಮೊಟ್ಟೆ. ಚಕ್ರಕ್ಕೆ ಕೊನೆಯಿಲ್ಲ, ಆದುದರಿಂದ ಗೆಲುವೆಂದರೇನೆಂದು ಅದು ಹೇಳಬೇಕಾಗಿಲ್ಲ. ಮಣೆಯ ಆಟಕ್ಕೆ ಕೊನೆಯ ಮನೆ ಬೇಕೇ ಬೇಕು. ಕಾಯಿ ಹಣ್ಣಾಗುವುದು ಗೂಡಿನಲ್ಲೋ, ಚಿಟ್ಟೆಯಲ್ಲೋ? ರೈತನಿಗೆ ಗೂಡೇ ಕೊನೆ. ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾದ ಮೇಲೆ ಅವನ ಹಾದಿ ಮುಗಿಯಿತು. ಹುಳುವಿನ ಹಾದಿ ಅಲ್ಲಿ ಮುಗಿಯಬೇಕಾದ್ದಲ್ಲ. ನೂಲು ಬಿಚ್ಚುವವರು ಗೂಡನ್ನು ಬಿಸಿಗಾಳಿಗೋ ಹಬೆಗೋ ಒಡ್ಡಿ ಒಳಗಿನ ಜೀವವನ್ನು ಕೊಂದು, ಕುದಿನೀರಿನಲ್ಲಿ ಬೇಯಿಸಿ ಎಳೆ ತೆಗೆಯುತ್ತಾರೆ. ಚಿಟ್ಟೆ ಹೊರಬಂದರೆ ಗೂಡು ತೂತಾಗಿ ಎಳೆ ತುಂಡಾಗುತ್ತದೆ. ಊಜಿ ಕೊರೆದರೂ ತೂತೇ, ಚಿಟ್ಟೆ ಹುಟ್ಟಿದರೂ ತೂತೇ. ಚರಕದವನಿಗೆ ಎರಡೂ ಒಂದೇ ನಷ್ಟ.

ಈ ವಾದದ ನಡುವೆ ಅಕ್ಕಮಹಾದೇವಿ ಬಂದದ್ದು ಕನ್ನಡದ ತರಗತಿಯಿಂದ. ತನ್ನ ನೂಲಿನಲ್ಲಿ ತಾನೇ ಸುತ್ತಿಕೊಂಡು ಸಾಯುವ ತೆರಣಿಯ ಹುಳುವನ್ನು ಆಸೆಗೆ ಸಿಕ್ಕ ಮನಸ್ಸಿಗೆ ಹೋಲಿಸಿದ ಆಕೆಯ ವಚನವನ್ನು ಮಕ್ಕಳು ಓದಿದ್ದರು. ‘ಅದಾಗದೇ ಸಾಯಲ್ಲ ಮೇಡಂ, ನಾವು ಸಾಯ್ಸೋದು’ ಎಂದು ಒಬ್ಬ ಹೇಳಿಯೇಬಿಟ್ಟ. ಶಾಸ್ತ್ರದ ದೃಷ್ಟಿಯಿಂದ ಅವನ ಮಾತು ಸರಿ. ಆದರೆ ಅಕ್ಕ ಕೀಟಶಾಸ್ತ್ರ ಬರೆಯಲಿಲ್ಲ. ಗೂಡೊಳಗೆ ಸೇರಿದ ಹುಳು ಹೊರಗೆ ಬಾರದಿರುವುದನ್ನು ಕಂಡ ಕಣ್ಣು ಅದು, ಮನುಷ್ಯನ ಮನಸ್ಸನ್ನು ತೋರಿಸಲು ಅದನ್ನು ಬಳಸಿಕೊಂಡಿತು. ಎರಡು ಮಾತೂ ತಂತಮ್ಮ ಎಡೆಯಲ್ಲಿ ನಿಲ್ಲುತ್ತವೆ. ಮಕ್ಕಳನ್ನು ಕಾಡಿದ್ದು ಮತ್ತೊಂದು. ದಯೆಯೇ ಧರ್ಮದ ಬೇರೆಂದು ಬೆಳಗಿನ ಪ್ರಾರ್ಥನೆಯಲ್ಲಿ ಹೇಳುವವರು, ಕುದಿನೀರನ್ನು ಗೆಲುವಿನ ಮನೆಯೆಂದು ಬರೆಯುವುದು ಹೇಗೆ? ಬರೆಯದೆ ಬಿಟ್ಟರೆ, ಪ್ರಸಾದನಿಲಯಕ್ಕೆ ಮನೆಯಿಂದ ಬರುವ ಬಟ್ಟೆಯೂ ಪುಸ್ತಕವೂ ಆ ಗೂಡಿನ ದುಡ್ಡಿನದೇ ಅಲ್ಲವೇ?

ಚಿಟ್ಟೆಯನ್ನೇ ಕೊನೆಯ ಮನೆ ಮಾಡೋಣವೆಂದು ಇಬ್ಬರು ಹಟ ಹಿಡಿದರು. ಪ್ರತಿ ಆಟಗಾರನೂ ನಾಲ್ಕರಲ್ಲೊಂದು ಕಾಯಿಯನ್ನು ಬಿತ್ತನೆಗೆ ಬಿಡಲಿ ಎಂದು ಮತ್ತೊಬ್ಬಳು ಸೂಚಿಸಿದಳು. ಸೂಚನೆ ಸೊಗಸಾಗಿತ್ತು, ಆದರೆ ಸುಳ್ಳು. ಮಳವಳ್ಳಿಯ ರೈತ ಸಾಕುವುದು ಮ���ಶ್ರತಳಿಯ ಹುಳು. ಅದರ ಗೂಡನ್ನು ಬಿತ್ತನೆಗೆ ಇಡುವುದಿಲ್ಲ. ಶುದ್ಧ ಮೈಸೂರು ತಳಿಯ ಬಿತ್ತನೆ ಗೂಡು ಬರುವುದು ಕುಣಿಗಲ್, ಮಾಗಡಿ ಕಡೆಯ ಬಿತ್ತನೆ ಪ್ರದೇಶದ ಬೆಳೆಗಾರರಿಂದ. ಕಡೆಗೆ ಆಟಗಾರರ ಪಾತ್ರಗಳು ಹೀಗೆ ನಿಂತವು: ಇಬ್ಬರು ಮಳವಳ್ಳಿಯ ರೈತರು, ಒಬ್ಬ ಬಿತ್ತನೆ ಬೆಳೆಗಾರ, ಒಬ್ಬ ಊಜಿ. ನಡುಮನೆ ಒಂದೇ, ಆದರೆ ಅಲ್ಲಿ ಒಬ್ಬೊಬ್ಬರ ಹಣ್ಣು ಒಂದೊಂದು ಬಗೆ. ರೈತನಿಗೆ ಗೂಡು, ಬಿತ್ತನೆಯವನಿಗೆ ಚಿಟ್ಟೆ, ಊಜಿಗೆ ನೊಣ. ಬಿತ್ತನೆಯವನ ಕಾಯಿ ಒಂದೂ ಹಣ್ಣಾಗದಿದ್ದರೆ ಮುಂದಿನ ಆಟಕ್ಕೆ ರೈತರಿಗೆ ಕಾಯಿಗಳೇ ಇಲ್ಲ. ಆದುದರಿಂದ ಅವನನ್ನು ಸೋಲಿಸಲು ಹೊರಟವರು ತಾವೇ ಅವನಿಗೆ ದಾರಿ ಬಿಡತೊಡಗಿದರು. ಆ ಚಿಟ್ಟೆಯಾದರೂ ಬಾಯಿದ್ದೂ ಉಣ್ಣಲಾರದು, ರೆಕ್ಕೆಯಿದ್ದೂ ಹಾರಲಾರದು. ಸುಮಾರು 400ರಿಂದ 500 ಮೊಟ್ಟೆಗಳನ್ನಿಟ್ಟ ಮೇಲೆ ಪಾಶ್ಚರನ ಪರೀಕ್ಷೆಗೆ ಅರೆಯಲ್ಪಡುವುದು ಅದೇ ಎಂಬುದು ತಿಳಿದಾಗ, ಚಿಟ್ಟೆಯ ಪಕ್ಷ ವಹಿಸಿದ್ದ ಇಬ್ಬರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ನಡುಮನೆಯಲ್ಲಿ ‘ಜಯ’ ಎಂದು ಬರೆಯುವುದನ್ನು ಕೈಬಿಟ್ಟರು. ನಿಯಮದ ಹಾಳೆಯ ಕೊನೆಯ ಸಾಲಿನಲ್ಲಿ, ಗೂಡು ಮಾರಾಟವಾದ ಮೇಲೆ ಒಳಗಿನ ಜೀವ ಸಾಯುತ್ತದೆಯೆಂದು ತುಂಬಿದ ಅಕ್ಷರಗಳಲ್ಲಿ ಬರೆದರು. ಆರನೆಯ ತರಗತಿಯ ಮಕ್ಕಳಿಗೆ ಅದು ಬೇಕೇ ಎಂದು ಉಪಾಧ್ಯಾಯಿನಿಯವರು ಕೇಳಿದಾಗ, ‘ನಮಗೆ ಒಂದನೇ ಕ್ಲಾಸಲ್ಲೇ ಗೊತ್ತಿತ್ತು ಮೇಡಂ’ ಎಂದು ಉತ್ತರ ಬಂತು.

ಪೋಷಕರ ಸಭೆಯ ದಿನ ಆ ರಟ್ಟನ್ನು ಶಾಲೆಯ ಜಗುಲಿಯ ಮೇಲೆ ಹಾಸಿದ್ದರು. ಮಳವಳ್ಳಿ ಕಡೆಯಿಂದ ಬಂದ ತಾಯಂದಿರು ನಿಯಮದ ಹಾಳೆಯನ್ನು ಅರ್ಧ ಕೇಳಿಸಿಕೊಂಡು ಸೆರಗು ಸಿಕ್ಕಿಸಿ ಕುಳಿತರು. ಕವಡೆಯಾಡುವ ಕೈಗಳಿಗೆ ಹೆಚ್ಚಿನ ವಿವರಣೆ ಬೇಕಿರಲಿಲ್ಲ. ಗೋಣಿತಾಟಿನ ಮನೆಯಲ್ಲಿ ಒಬ್ಬೊಬ್ಬರೂ ತಪ್ಪದೆ ನಿಂತರು, ಗಂಡಸರು ಮಾತ್ರ ಆಡುವ ಸರದಿ ಬಂದಾಗ ನಿಲ್ಲದೆ ದಾಟಿ ಬೈಸಿಕೊಂಡರು. ಮೂರು ಆಟಗಳಲ್ಲಿ ಎರಡನ್ನು ಊಜಿಯೇ ಗೆದ್ದಿತು. ನಿಯಮವನ್ನು ಸಡಿಲಿಸಿ ಊಜಿಯ ಬಲ ಕುಗ್ಗಿಸಬಹುದಲ್ಲವೇ ಎಂದು ಹಿರಿಯರೊಬ್ಬರು ಸಲಹೆಯಿತ್ತರು. ತಂಡದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಪರದೆ ಕಟ್ಟಿದವರಿಗೆ ಒಂದು ಚೀಟಿ ಹೆಚ್ಚು ಕೊಡಲು ಒಪ್ಪಿದರು. ಊಜಿಯನ್ನು ಮಾತ್ರ ಇದ್ದಂತೆಯೇ ಇರಿಸಿಕೊಂಡರು.